ಐದು ರಾತ್ರಿಗೆ ಎರಡು ದಿನದ ಐಸ್: ಸೀತಾನದಿ ದಡದ ಒಂದು ಕ್ಯಾಂಪಿನ ಪ್ರಕರಣ

ಕಳೆದ ಡಿಸೆಂಬರ್ ಕೊನೆಯ ವಾರ ಮಂಗಳೂರಿನಿಂದ ನನ್ನ ಅಕ್ಕನ ಮನೆಯವರು, ನೆಂಟರು ಸೇರಿ ಒಂಬತ್ತು ಜನ ಹೆಬ್ರಿ ಕಡೆಯ ಒಂದು ಅಡಿಕೆ ತೋಟಕ್ಕೆ ಹೋದರು. ಸೀತಾನದಿಯ ದಡದಲ್ಲಿ ಐದು ರಾತ್ರಿ ಟೆಂಟ್ ಹಾಕಿ ಉಳಿಯುವ ಯೋಚನೆ. ತೋಟ ಭಾವನ ಸೋದರಮಾವನದ್ದು. ಕಾಡಿನೊಳಗೆ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ರಾತ್ರಿ ಉಳಿಯುವ ಹಾಗಿಲ್ಲ, ಬೆಂಕಿ ಹಾಕುವ ಹಾಗಿಲ್ಲ. ಹಾಗಾಗಿ ಇಂಥ ಸ್ವಂತದವರ ಜಾಗ ಸಿಕ್ಕಿದ್ದು ಒಳ್ಳೆಯದೇ ಆಯಿತು. ಆದರೆ ಅಲ್ಲಿ ಕರೆಂಟ್ ಇಲ್ಲ. ನೀರಿನ ಪಂಪಿಗೆ ಡೀಸೆಲ್ ಎಂಜಿನ್. ಜೀಪು ಹೋಗುವ ದಾರಿ ಮುಗಿದ ಮೇಲೆ ಅರ್ಧ ಗಂಟೆ ನಡೆಯಬೇಕು. ಸಾಮಾನೆಲ್ಲ ತಲೆ ಮೇಲೆ, ಹೆಗಲ ಮೇಲೆ.

ಗುಂಪಿನಲ್ಲಿ ಇಬ್ಬರು ಚಿಕ್ಕ ಮಕ್ಕಳು, ಎಪ್ಪತ್ತು ದಾಟಿದ ಭಾವನ ತಾಯಿ ಇದ್ದರು. ಈ ಮಾತು ನೆನಪಿರಲಿ, ಮುಂದೆ ಇದು ದೊಡ್ಡ ವಿಷಯ ಆಗುತ್ತದೆ.

ನಾನು ಮಲ್ಪೆಯಲ್ಲಿ ಮೀನು ಪ್ಯಾಕಿಂಗ್ ಕೆಲಸದಲ್ಲಿ ಬಹಳ ವರ್ಷ ಇದ್ದವನು. ಎರಡನೇ ದಿನ ಸಂಜೆ ಉಡುಪಿಯಿಂದ ಹೋಗಿ ಅವರನ್ನು ಸೇರಿದೆ. ಅಷ್ಟರವರೆಗಿನ ಸಂಗತಿ ನನಗೆ ಗೊತ್ತಾದದ್ದು ಅಕ್ಕನ ಮಗನ ನೋಟ್ ಪುಸ್ತಕದಿಂದ. ಅವನು ಇಂಜಿನಿಯರಿಂಗ್ ಓದುತ್ತಿದ್ದಾನೆ. ತಂತಿ ತುದಿಯ ಥರ್ಮಾಮೀಟರ್ ಒಂದನ್ನು ಕೋಳಿಯ ಡಬ್ಬಿಗೆ ಕಟ್ಟಿ, ಓದುವ ಭಾಗವನ್ನು ಪೆಟ್ಟಿಗೆಯ ಹೊರಗೆ ಬಿಟ್ಟಿದ್ದ. ಆ ಪುಸ್ತಕ ಇಲ್ಲದಿದ್ದರೆ ಈ ಬರಹವೂ ಇರುತ್ತಿರಲಿಲ್ಲ. ಕ್ಯಾಂಪಿನಲ್ಲಿ ಮಾಂಸ ಹಾಳಾದರೆ ಎಲ್ಲರೂ ಹೇಳುವುದು ಒಂದೇ, "ಐಸ್ ಸಾಕಾಗಲಿಲ್ಲ" ಎಂದು. ಐಸ್ ಎಲ್ಲಿಗೆ ಹೋಯಿತು ಎಂದು ಯಾರೂ ಲೆಕ್ಕ ಹಾಕುವುದಿಲ್ಲ.

ಹೊರಟಾಗ ಇದ್ದದ್ದು

ಸುಮಾರು 50 ಲೀಟರ್ ಹಿಡಿಯುವ, 3 ಸೆಂಟಿಮೀಟರ್ ದಪ್ಪದ ಒಂದು ಥರ್ಮಾಕೋಲ್ ಪೆಟ್ಟಿಗೆ. ಮೀನು ಕಳಿಸುವವರು ಬಳಸುವಂಥದ್ದೇ. ಒಳಗೆ ಧಕ್ಕೆಯಿಂದ (ಮೀನಿನ ಬಂದರು) ತಂದ 8 ಕೆಜಿ ಪುಡಿ ಐಸ್, ಮನೆಯ ಫ್ರೀಜರಿನಲ್ಲಿ ಗಟ್ಟಿ ಮಾಡಿದ 2 ಲೀಟರಿನ ಎರಡು ನೀರಿನ ಬಾಟಲಿ. ಒಟ್ಟು 12 ಕೆಜಿ ಐಸ್ ಎಂದು ಹಿಡಿಯಿರಿ.

ಮಾಂಸದಲ್ಲಿ 2 ಕೆಜಿ ಮಟನ್. ಅದನ್ನು ಅಕ್ಕ ಮೊದಲೇ ತಂದು ಫ್ರೀಜರಿನಲ್ಲಿ ಕಲ್ಲಿನ ಹಾಗೆ ಗಟ್ಟಿ ಮಾಡಿದ್ದಳು. 3 ಕೆಜಿ ಬ್ರಾಯ್ಲರ್ ಕೋಳಿ, ಹೊರಡುವ ದಿನ ಬೆಳಿಗ್ಗೆ ಅಂಗಡಿಯಿಂದ ತಂದು ಮೊಸರು, ಉಪ್ಪು, ಮೆಣಸಿನ ಮಸಾಲೆ ಹಚ್ಚಿದ್ದು. 2 ಕೆಜಿ ಬಂಗುಡೆ, ತೊಳೆದು ಕವರಿನಲ್ಲಿ ಕಟ್ಟಿ ಐಸಿನ ಮಧ್ಯೆ ಹೂತದ್ದು. ಪಕ್ಕದ ಮನೆಯ ಬಾಯಿ (ಕ್ರೈಸ್ತ ಹೆಂಗಸನ್ನು ನಮ್ಮಲ್ಲಿ ಕರೆಯುವುದು ಹೀಗೆ) ಕ್ರಿಸ್‌ಮಸ್‌ಗೆ ಮಾಡಿದ ಹಂದಿ ಬಾಫತ್ (ಹಂದಿ ಮಾಂಸದ ಮಸಾಲೆ ಸಾರು) ಒಂದು ಪಾತ್ರೆ ತುಂಬ ಕೊಟ್ಟಿದ್ದರು. ಅದು ಪೆಟ್ಟಿಗೆಯ ಹೊರಗೆ. "ವಿನೆಗರ್ ಹಾಕಿದ್ದೇನೆ, ಎರಡು ಹೊತ್ತು ಕುದಿಸಿದ್ರೆ ಎಂತ ಸಾ ಆಗುವುದಿಲ್ಲ" ಎಂದು ಹೇಳಿ ಕಳಿಸಿದ್ದರಂತೆ. ಇದಲ್ಲದೆ ಒಣ ಸಿಗಡಿ, ಒಂದಿಷ್ಟು ಒಣ ಮೀನು, ಮೊಟ್ಟೆ, ಕೋರಿ ರೊಟ್ಟಿಯ (ಗರಿಗರಿ ಒಣ ಅಕ್ಕಿ ರೊಟ್ಟಿ) ಪ್ಯಾಕೆಟ್.

ಯೋಚನೆ ಹೀಗಿತ್ತು: ಮೊದಲ ರಾತ್ರಿ ಬಂಗುಡೆ, ಎರಡನೇ ರಾತ್ರಿ ಕೋಳಿ, ಮೂರನೇ ರಾತ್ರಿ ಮಟನ್, ಆಮೇಲೆ ಒಣ ಸಾಮಾನು. ನಡುವೆ ಮಧ್ಯಾಹ್ನಕ್ಕೆ ಬಾಫತ್. ನೋಡಿದರೆ ಬುದ್ಧಿವಂತರ ಪಟ್ಟಿ. ಬೇಗ ಕೆಡುವುದು ಮೊದಲು, ತಡೆಯುವುದು ಕೊನೆಗೆ. ಇದಕ್ಕಿಂತ ಒಳ್ಳೆಯ ಪಟ್ಟಿಯನ್ನು ನಾನೂ ಮಾಡುತ್ತಿರಲಿಲ್ಲ.

ಪಟ್ಟಿ ಒಂದು ಊಟ ಜಾರಿತು

ಮೊದಲ ದಿನ ತೋಟ ಮುಟ್ಟುವಾಗ ಕತ್ತಲಾಯಿತು. ಟೆಂಟ್ ಹಾಕಿ, ನೀರು ತಂದು, ಒಲೆ ಹೂಡುವಷ್ಟರಲ್ಲಿ ಮಕ್ಕಳು ನಿದ್ದೆಗೆ ಜಾರಿದ್ದರು. ಮನೆಯಿಂದ ಕಟ್ಟಿಕೊಂಡು ಹೋದ ಬುತ್ತಿಯೇ ಆ ರಾತ್ರಿಯ ಊಟ. ಮೀನು ಎರಡನೇ ರಾತ್ರಿಗೆ ಹೋಯಿತು. ಕೋಳಿ ಮೂರನೇ ದಿನಕ್ಕೆ. ಯಾರಿಗೂ ಇದು ಗಮನಕ್ಕೆ ಬರಲಿಲ್ಲ. ಒಂದು ಊಟ ಹಿಂದೆ ಮುಂದೆ ಆಗುವುದು ಸಹಜ ಅಲ್ವಾ? ಫ್ರಿಜ್ ಇರುವ ಮನೆಯಲ್ಲಿ ಸಹಜ. ಐಸ್ ಪೆಟ್ಟಿಗೆಯ ಹತ್ತಿರ ಅಲ್ಲ.

ನೋಟ್ ಪುಸ್ತಕದ ಪ್ರಕಾರ ಹೊರಡುವಾಗ ಕೋಳಿಯ ಡಬ್ಬಿ 24 ಡಿಗ್ರಿ ಇತ್ತು. ಮಧ್ಯಾಹ್ನ 4 ಡಿಗ್ರಿಗೆ ಇಳಿದು, ರಾತ್ರಿ 3 ಡಿಗ್ರಿ ಆಗಿತ್ತು. ಎರಡನೇ ದಿನ ಹಗಲಿಡೀ 3ರಿಂದ 4 ಡಿಗ್ರಿ. ಆ ರಾತ್ರಿ ಬಂಗುಡೆ ಹುರಿದು ತಿಂದೆವು. ಮೀನಿನ ಕಣ್ಣು ಇನ್ನೂ ಹೊಳೆಯುತ್ತಿತ್ತು. ರಾತ್ರಿ 9 ಗಂಟೆಗೆ ಹುಡುಗ ಬರೆದದ್ದು 5 ಡಿಗ್ರಿ. ಮರುದಿನ ಬೆಳಿಗ್ಗೆ ಆರೂವರೆಗೆ 11.

ಬಂಗುಡೆಯ ಬಗ್ಗೆ ಇಲ್ಲೇ ಒಂದು ಮಾತು. ಬಂಗುಡೆ, ಬೂತಾಯಿ, ಕೇದಾರ್ ಇಂಥ ಮೀನುಗಳಿಗೆ ಐಸ್ ತಪ್ಪಿದರೆ ಮಾಂಸದಲ್ಲಿ ಹಿಸ್ಟಮಿನ್ ಎಂಬ ರಾಸಾಯನಿಕ ಹುಟ್ಟುತ್ತದೆ. ಅದು ತಿಂದವರಿಗೆ ಮುಖ ಕೆಂಪಾಗುತ್ತದೆ, ತುರಿಕೆ, ತಲೆನೋವು ಬರುತ್ತದೆ. ಒಮ್ಮೆ ಹುಟ್ಟಿದ ಮೇಲೆ ಎಷ್ಟು ಹುರಿದರೂ, ಎಷ್ಟು ಕುದಿಸಿದರೂ ಹೋಗುವುದಿಲ್ಲ. ಎರಡನೇ ರಾತ್ರಿ ಆ ಮೀನು ತಿನ್ನಲು ನಾನು ಒಪ್ಪಿದ್ದು ಒಂದೇ ಕಾರಣಕ್ಕೆ: ಅದು ಡಬ್ಬಿಯಲ್ಲಿ ಇರಲಿಲ್ಲ, ತೆಳು ಕವರಿನಲ್ಲಿ ನೇರ ಐಸಿನ ಒಳಗೆ ಹೂತಿತ್ತು. ಟ್ರಾಲ್ ಬೋಟಿನವರು ಎಂಟು ಹತ್ತು ದಿನ ಸಮುದ್ರದಲ್ಲಿ ಇದ್ದು ಬರುತ್ತಾರೆ. ಅವರ ಮೀನು ಉಳಿಯುವುದು ಹೀಗೆಯೇ. ಒಂದು ಪದರ ಐಸ್, ಒಂದು ಪದರ ಮೀನು. ಪ್ರತಿ ಮೀನಿಗೂ ಐಸ್ ತಾಗುತ್ತಿರಬೇಕು. ಐಸ್ ಪಕ್ಕದಲ್ಲಿದ್ದರೆ ಸಾಲದು.

ಮೂರನೇ ದಿನ ಬೆಳಿಗ್ಗೆ

ಅಕ್ಕ ಪೆಟ್ಟಿಗೆ ತೆರೆದಾಗ ಪುಡಿ ಐಸ್ ಪೂರ್ತಿ ನೀರಾಗಿತ್ತು. ಕೋಳಿಯ ಡಬ್ಬಿ ಆ ನೀರಿನಲ್ಲಿ ತೇಲುತ್ತಿತ್ತು. ಮುಚ್ಚಳ ತೆಗೆದು ಮೂಸಿ ನೋಡಿದೆವು. ಮಸಾಲೆಯ ಒಳ್ಳೆಯ ವಾಸನೆ. ಬಣ್ಣವೂ ಸರಿ ಇತ್ತು.

ಭಾವ ಹೇಳಿದರು, "ಭಾವ, ವಾಸನೆ ಎಂತ ಸಾ ಇಲ್ಲ. ಮೊಸರು, ಉಪ್ಪು ಎಲ್ಲ ಹಿಡಿದಿದೆ. ಒಮ್ಮೆ ಉಪ್ಪು ಅರಿಶಿನ ಹಾಕಿ ಹೊಳೆಯಲ್ಲಿ ತೊಳೆದು, ಗಟ್ಟಿ ಹುರಿದ್ರೆ ಆಯ್ತಲ್ಲ?"

ಅಕ್ಕನಿಗೆ ಮೂರು ಕೆಜಿ ಕೋಳಿ ಬಿಸಾಡಲು ಮನಸ್ಸಿಲ್ಲ. ಯಾರಿಗೆ ತಾನೇ ಇರುತ್ತದೆ? ಹೊತ್ತುಕೊಂಡು ಬಂದದ್ದು, ಬೆಳಿಗ್ಗೆ ಬೇಗ ಎದ್ದು ಮಸಾಲೆ ಅರೆದದ್ದು. ಹುಡುಗ ಮಾತ್ರ ಪುಸ್ತಕ ಹಿಡಿದು ನಿಂತಿದ್ದ. ರಾತ್ರಿ 9 ಗಂಟೆಗೆ 5, ಬೆಳಿಗ್ಗೆ 11. ನಡುವಿನ ಒಂಬತ್ತೂವರೆ ಗಂಟೆಯಲ್ಲಿ ಯಾವಾಗ ಮೇಲೇರಿತು ಎಂದು ಯಾರಿಗೂ ಗೊತ್ತಿಲ್ಲ.

ನಾನು ಬಿಸಾಡಿ ಎಂದೆ. ಯಾಕೆ ಎಂದು ಅವರಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತೇನೆ.

ಹಸಿ ಮಾಂಸದ ಮಟ್ಟಿಗೆ 5ರಿಂದ 60 ಡಿಗ್ರಿ ಅಪಾಯದ ಜಾಗ. ಬಿಸಿ ಅನುಕೂಲ ಇದ್ದರೆ ಕೆಲವು ಬ್ಯಾಕ್ಟೀರಿಯಾ 20 ನಿಮಿಷಕ್ಕೊಮ್ಮೆ ಎರಡು ಪಟ್ಟು ಆಗುತ್ತವೆ. ಕೋಳಿಯನ್ನು ಹೊರಗಿನ ಬಿಸಿಯಲ್ಲಿ ಎರಡು ಗಂಟೆಗಿಂತ ಜಾಸ್ತಿ ಇಡಬಾರದು, 32 ಡಿಗ್ರಿ ದಾಟಿದ ಹಗಲಿನಲ್ಲಿ ಒಂದೇ ಗಂಟೆ. 11 ಡಿಗ್ರಿಯಲ್ಲಿ ಅವು ಅಷ್ಟು ವೇಗವಾಗಿ ಬೆಳೆಯುವುದಿಲ್ಲ, ನಿಜ. ಆ ಕೋಳಿ ಖಂಡಿತ ವಿಷವಾಗಿತ್ತು ಎಂದು ನಾನು ಹೇಳುವುದಿಲ್ಲ. ಆದರೆ ಹೊರಡುವ ದಿನ ಬೆಳಿಗ್ಗೆ ಅದು ಅಂಗಡಿಯಿಂದ ತಣ್ಣಗೆ ಬಂದದ್ದಲ್ಲ. ಕತ್ತರಿಸಿ, ಹೊತ್ತು ತಂದು, ಮಸಾಲೆ ಹಚ್ಚಿ, ಐಸಿನಲ್ಲಿ ಇಳಿಯುವವರೆಗಿನ ಹೊತ್ತೂ ಲೆಕ್ಕಕ್ಕೆ ಸೇರುತ್ತದೆ. ಬಿಸಿಯಲ್ಲಿ ಕಳೆದ ಗಂಟೆಗಳು ಕೂಡುತ್ತಾ ಹೋಗುತ್ತವೆ. ಮಧ್ಯೆ ತಣ್ಣಗೆ ಮಾಡಿದ್ದರಿಂದ ಹಳೆಯ ಗಂಟೆ ಅಳಿಸಿಹೋಗುವುದಿಲ್ಲ.

ವಾಸನೆಯ ಮಾತು ಇನ್ನೂ ಮುಖ್ಯ. ಮಾಂಸ ನಾರುವಂತೆ ಮಾಡುವ ಬ್ಯಾಕ್ಟೀರಿಯಾ ಬೇರೆ, ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾದಂಥವು ಬೇರೆ. ಎರಡನೆಯವು ವಾಸನೆ, ಬಣ್ಣ ಏನೂ ಬದಲಾಗದೆಯೂ ಬೆಳೆದಿರಬಹುದು. ಅದರ ಮೇಲೆ ಬೆಳ್ಳುಳ್ಳಿ, ಮೆಣಸಿನ ಮಸಾಲೆ ಬಿದ್ದ ಮೇಲೆ ಮೂಗಿಗೆ ಏನು ಗೊತ್ತಾಗುತ್ತದೆ? ಮೊಸರು ಹಚ್ಚಿದ್ದು ರುಚಿಗೆ, ಮೆತ್ತಗಾಗಲಿಕ್ಕೆ. ಅದರಿಂದ ಕೋಳಿ ಉಪ್ಪಿನಕಾಯಿ ಆಗುವುದಿಲ್ಲ. ಗಟ್ಟಿ ಹುರಿದರೆ ಸಾಲ್ಮೊನೆಲ್ಲಾ ಸಾಯುತ್ತದೆ, ಒಳಗಿನವರೆಗೆ 74 ಡಿಗ್ರಿ ಆದರೆ ಸಾಕು. ಆದರೆ ನಮ್ಮ ಕೈಯಿಂದ, ಮೂಗಿನಿಂದ ಬರುವ ಸ್ಟ್ಯಾಫಿಲೋಕಾಕಸ್ ಎಂಬ ಬ್ಯಾಕ್ಟೀರಿಯಾ ಬೆಳೆಯುವಾಗ ಬಿಟ್ಟ ವಿಷ ಕುದಿಸಿದರೂ ಹೋಗುವುದಿಲ್ಲ. ಅದಕ್ಕೆ ಉಪ್ಪು ಕಂಡರೆ ಹೆದರಿಕೆಯೂ ಇಲ್ಲ. ಹೊಳೆಯಲ್ಲಿ ತೊಳೆಯುವುದಂತೂ ಬೇಡವೇ ಬೇಡ. ಕೋಳಿಯ ಮೇಲಿದ್ದದ್ದು ಕೈಗೆ, ಕಲ್ಲಿಗೆ, ಮಕ್ಕಳು ಆಡುವ ನೀರಿಗೆ ಹೋಗುತ್ತದೆ, ಅಷ್ಟೇ.

ಕೊನೆಗೆ ಭಾವ ಒಪ್ಪಿದ್ದು ಬ್ಯಾಕ್ಟೀರಿಯಾದ ಮಾತಿಗಲ್ಲ. ನಾನು ಕೇಳಿದೆ, "ರಾತ್ರಿ ಅತ್ತೆಗೆ ವಾಂತಿ ಭೇದಿ ಶುರುವಾದ್ರೆ ಇಲ್ಲಿಂದ ಜೀಪಿನವರೆಗೆ ಹೇಗೆ ಕರ್ಕೊಂಡು ಹೋಗುವುದು ಭಾವ?" ಗಟ್ಟಿಮುಟ್ಟಾದ ದೊಡ್ಡವರು ಎರಡು ದಿನ ನರಳಿ ಏಳಬಹುದು. ಮಕ್ಕಳಿಗೆ, ವಯಸ್ಸಾದವರಿಗೆ ನೀರಿನಂಶ ಬೇಗ ಇಳಿಯುತ್ತದೆ. ಆಸ್ಪತ್ರೆ ಎಷ್ಟು ದೂರ ಎಂಬುದು ಮಾಂಸದ ಲೆಕ್ಕದ ಒಳಗೇ ಇರಬೇಕು ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ.

ಕೋಳಿಯನ್ನು ಹೊಳೆಯಿಂದ, ಟೆಂಟಿನಿಂದ ದೂರ ಆಳವಾಗಿ ಹೂತೆವು. ಮೇಲೆ ಬಿಟ್ಟರೆ ಕಾಡುಹಂದಿ ಬರುತ್ತದೆ.

ಮಟನ್ ಕತೆ ಬೇರೆಯೇ ಆಯಿತು. ಅದರ ಡಬ್ಬಿಯನ್ನು ಅಕ್ಕ ಎರಡು ಐಸ್ ಬಾಟಲಿಗಳ ನಡುವೆ ಇಟ್ಟು, ಸುತ್ತ ನ್ಯೂಸ್ ಪೇಪರ್, ಟವೆಲ್ ಬಿಗಿಯಾಗಿ ಸುತ್ತಿದ್ದಳು. ಬಾಟಲಿಯೊಳಗೆ ಇನ್ನೂ ಐಸಿನ ತುಂಡು ಉಳಿದಿತ್ತು. ಮಟನ್ ಮುದ್ದೆಯ ನಡು ಭಾಗ ಕತ್ತಿಗೆ ಬಗ್ಗದಷ್ಟು ಗಟ್ಟಿ. ಒಳಗೆ ಐಸಿನ ಹರಳು ಇರುವ ಮಾಂಸವನ್ನು ಧೈರ್ಯವಾಗಿ ಬೇಯಿಸಬಹುದು. ಆದರೆ ಕೂಡಲೇ ಬೇಯಿಸಬೇಕು. ಸಂಜೆಗೆಂದು ಇಟ್ಟ ಮಟನ್ ಸುಕ್ಕವನ್ನು (ಸಾರಿಲ್ಲದ ಒಣ ಪಲ್ಯದಂಥದ್ದು) ಮಧ್ಯಾಹ್ನಕ್ಕೇ ಮಾಡಿದೆವು. ಎಲ್ಲರೂ ಕೂತು ಪಾತ್ರೆ ಖಾಲಿ ಮಾಡಿದೆವು. ಉಳಿಸದೆ ತಿಂದದ್ದು ಒಳ್ಳೆಯದೇ ಆಯಿತು. ದೊಡ್ಡ ಪಾತ್ರೆಯ ಮಾಂಸದ ಸಾರು ಮುಚ್ಚಳ ಹಾಕಿ ಆರಿದ ಒಲೆಯ ಮೇಲೆ ಬಿಟ್ಟರೆ ಗಂಟೆಗಟ್ಟಲೆ 45 ಡಿಗ್ರಿಯ ಆಸುಪಾಸಿನಲ್ಲೇ ಇರುತ್ತದೆ. ಕುದಿಯಲ್ಲೂ ಸಾಯದ ಬೀಜಾಣು ಇರುವ ಕ್ಲಾಸ್ಟ್ರಿಡಿಯಂ ಪರ್ಫ್ರಿಂಜೆನ್ಸ್ ಎಂಬ ಬ್ಯಾಕ್ಟೀರಿಯಾ ಅಲ್ಲಿ ಭಾರಿ ವೇಗದಲ್ಲಿ ಬೆಳೆಯುತ್ತದೆ. ಮದುವೆ ಮನೆಯ ಊಟದಲ್ಲಿ ಹೊಟ್ಟೆ ಕೆಡುವುದಕ್ಕೆ ಎಷ್ಟೋ ಸಲ ಇಂಥ ದೊಡ್ಡ ಪಾತ್ರೆಗಳೇ ಕಾರಣ.

ಐಸ್ ಎಲ್ಲಿಗೆ ಹೋಯಿತು

ಮಧ್ಯಾಹ್ನ ಊಟ ಆದ ಮೇಲೆ ನಾನೂ ಹುಡುಗನೂ ಅಡಿಕೆ ಮರದ ನೆರಳಲ್ಲಿ ಕೂತು ಲೆಕ್ಕ ಹಾಕಿದೆವು.

ಒಂದು ಕೆಜಿ ಐಸ್ ಕರಗುವಾಗ 334 ಕಿಲೋಜೂಲ್ ಶಾಖ ಹೀರುತ್ತದೆ. ಇದೇ ನಮ್ಮ ಕೈಯಲ್ಲಿರುವ ದುಡ್ಡು. 12 ಕೆಜಿ ಐಸ್ ಇತ್ತು. ಗಟ್ಟಿಯಾದ ಮಟನ್ ಕೂಡ ಐಸಿನ ಕೆಲಸ ಮಾಡುತ್ತದೆ. ಮಾಂಸದಲ್ಲಿ ಮುಕ್ಕಾಲು ಪಾಲು ನೀರೇ ಇರುವುದರಿಂದ 2 ಕೆಜಿ ಮಟನ್ ಎಂದರೆ ಒಂದೂವರೆ ಕೆಜಿ ಐಸ್. ಒಟ್ಟು ಹದಿಮೂರೂವರೆ.

ಖರ್ಚು? ಹುಡುಗನೇ ಮೆಲ್ಲಗೆ ಹೇಳಿದ: ಮೊದಲ ದಿನ ಪೆಟ್ಟಿಗೆಗೆ ಕುಡಿಯುವ ನೀರು, ಜ್ಯೂಸು, ಸೋಡಾ ಎಲ್ಲ ಸೇರಿ 10 ಲೀಟರ್ ಬಿಸಿ ಬಾಟಲಿ ಹೋಗಿತ್ತು. 10 ಲೀಟರನ್ನು 30 ಡಿಗ್ರಿಯಿಂದ 4ಕ್ಕೆ ಇಳಿಸಲು 3 ಕೆಜಿಗಿಂತ ಜಾಸ್ತಿ ಐಸ್ ಬೇಕು. ತಣ್ಣಗಿಲ್ಲದ ಮೂರು ಕೆಜಿ ಕೋಳಿಗೆ ಮುಕ್ಕಾಲು ಕೆಜಿಯಷ್ಟು. ಅಂದರೆ ಹೆಬ್ರಿ ಮುಟ್ಟುವ ಮೊದಲೇ ನಾಲ್ಕು ಕೆಜಿ ಐಸ್ ಖಾಲಿ.

ಉಳಿದದ್ದು ಪೆಟ್ಟಿಗೆಯ ಗೋಡೆ ತಿಂದದ್ದು. 3 ಸೆಂಟಿಮೀಟರ್ ಥರ್ಮಾಕೋಲಿನ ಇಷ್ಟು ದೊಡ್ಡ ಪೆಟ್ಟಿಗೆಗೆ, ಹಗಲು ರಾತ್ರಿಯ ಸರಾಸರಿ 26 ಡಿಗ್ರಿ ಎಂದು ಹಿಡಿದರೂ, ದಿನಕ್ಕೆ ಸುಮಾರು ಆರೂವರೆ ಕೆಜಿ ಐಸ್ ಬೇಕು. ಒಂಬತ್ತೂವರೆ ಕೆಜಿ ಎಂದರೆ ಒಂದೂವರೆ ದಿನ. ಬೆಳಿಗ್ಗೆ ಎಂಟಕ್ಕೆ ಹೊರಟವರಿಗೆ ಮರುದಿನ ರಾತ್ರಿ ಎಂಟು ಒಂಬತ್ತರ ಹೊತ್ತಿಗೆ ಐಸ್ ಹೆಚ್ಚುಕಮ್ಮಿ ಮುಗಿಯಬೇಕು. ಪುಸ್ತಕ ಹೇಳಿದ್ದೂ ಅದನ್ನೇ. ಲೆಕ್ಕ ಇಷ್ಟು ಸರಿಯಾಗಿ ಕೂತದ್ದು ನೋಡಿ ಹುಡುಗನ ಮುಖ ಅರಳಿತು. ನನಗೂ ಖುಷಿಯಾಯಿತು, ಸುಳ್ಳು ಹೇಳುವುದಿಲ್ಲ.

ಮಕ್ಕಳು ಪದೇ ಪದೇ ಮುಚ್ಚಳ ತೆಗೆದದ್ದೇ ಕಾರಣ ಎಂದು ಅಕ್ಕ ಎರಡು ದಿನದಿಂದ ಬೈಯುತ್ತಿದ್ದಳು. ಅದು ಅಷ್ಟು ನಿಜವಲ್ಲ. ಪೆಟ್ಟಿಗೆ ತುಂಬ ಬಿಸಿ ಗಾಳಿ ಹೊಕ್ಕರೂ ಅದನ್ನು ತಣ್ಣಗೆ ಮಾಡಲು ಹತ್ತು ಹದಿನೈದು ಗ್ರಾಂ ಐಸ್ ಸಾಕು. ಮುಚ್ಚಳ ತೆಗೆದು ಹಾಗೇ ಬಿಡುವುದು ಕೆಟ್ಟದ್ದು. ತಣ್ಣಗಿನ ಬಾಟಲಿ ತೆಗೆದು ಆ ಜಾಗಕ್ಕೆ ಬಿಸಿ ಬಾಟಲಿ ಇಡುವುದು ಅದಕ್ಕಿಂತ ಕೆಟ್ಟದ್ದು. ಒಂದು ಲೀಟರಿನ ಒಂದು ಬಿಸಿ ಬಾಟಲಿ ಇಪ್ಪತ್ತು ಸಲ ಮುಚ್ಚಳ ತೆಗೆದದ್ದಕ್ಕೆ ಸಮ.

ತೋಟ ನೋಡಿಕೊಳ್ಳುವ ಹಿರಿಯರು ಎರಡು ಉಪಾಯ ಹೇಳಿದ್ದರು. ಡಬ್ಬಿಯನ್ನು ಹೊಳೆಯಲ್ಲಿ ಮುಳುಗಿಸಿ ಇಡುವುದು, ಇಲ್ಲವೇ ಪೆಟ್ಟಿಗೆಗೆ ಒದ್ದೆ ಗೋಣಿ ಹೊದಿಸುವುದು. ಅವರ ಮೇಲಿನ ಗೌರವದಿಂದಲೇ ಹೇಳುತ್ತೇನೆ, ಮಾಂಸಕ್ಕೆ ಎರಡೂ ನಡೆಯುವುದಿಲ್ಲ. ಹೊಳೆ ನೀರು ಕಾಲಿಗೆ ತಣ್ಣಗೆ ಅನಿಸಿದರೂ ಘಟ್ಟದ ಬುಡದಲ್ಲಿ ಅದು 20 ಡಿಗ್ರಿಗಿಂತ ಜಾಸ್ತಿಯೇ. ಒದ್ದೆ ಗೋಣಿ ತಣ್ಣಗಾಗುವುದು ನೀರು ಆರಿದಾಗ. ನಮ್ಮ ಕರಾವಳಿಯ ಗಾಳಿಯಲ್ಲಿ ಮೊದಲೇ ತೇವ ತುಂಬಿರುತ್ತದೆ. 32 ಡಿಗ್ರಿ ಬಿಸಿ, 70 ಶೇಕಡಾ ತೇವ ಇದ್ದರೆ ಒದ್ದೆ ಬಟ್ಟೆ ಎಷ್ಟು ಕಷ್ಟಪಟ್ಟರೂ 27ಕ್ಕಿಂತ ಕೆಳಗೆ ಇಳಿಯುವುದಿಲ್ಲ. ಬಳ್ಳಾರಿ, ಕಲಬುರಗಿಯ ಒಣ ಬಿಸಿಲಲ್ಲಿ ಅದೇ ಬಟ್ಟೆ 20ರ ಹತ್ತಿರ ಹೋಗಬಹುದು. ತೊಂಡೆ, ಟೊಮೆಟೊ ಇಡಲು ಒಳ್ಳೆಯದು. ಕೋಳಿಗೆ ಅಲ್ಲಿಯೂ ಸಾಲದು, ಇಲ್ಲಿಯೂ ಸಾಲದು.

ಐಸಿಗೆ ಉಪ್ಪು ಬೆರೆಸಿದರೆ ಸೊನ್ನೆಗಿಂತ ಬಹಳ ಕೆಳಗೆ ಹೋಗುತ್ತದೆ, ಆದರೆ ಬೇಗ ಮುಗಿಯುತ್ತದೆ. ಕೈಯಲ್ಲಿರುವ ದುಡ್ಡು ಹೆಚ್ಚಾಗುವುದಿಲ್ಲ. ಡ್ರೈ ಐಸ್ ತರುವವರು ಮುಚ್ಚಿದ ಕಾರಿನಲ್ಲಿ, ಟೆಂಟಿನಲ್ಲಿ ಇಡಲೇಬಾರದು. ಅದರಿಂದ ಏಳುವ ಇಂಗಾಲದ ಡೈಆಕ್ಸೈಡ್ ಉಸಿರು ಕಟ್ಟಿಸುತ್ತದೆ.

ಕೊನೆಯ ದಿನಗಳು

ನಾಲ್ಕನೇ ದಿನ ಪಕ್ಕದ ಒಕ್ಕಲಿನ ಮನೆಯಿಂದ ಎರಡು ಊರ ಕೋಳಿ ಜೀವಂತ ಸಿಕ್ಕಿದವು. ಸಂಜೆ ಕೊಯ್ದು, ಒಂದು ಗಂಟೆಯೊಳಗೆ ಒಲೆ ಮೇಲೆ. ಕೋರಿ ರೊಟ್ಟಿ ಜೊತೆಗೇ ಇತ್ತು. ಫ್ರೀಜರ್ ಬರುವ ಮೊದಲು ನಮ್ಮ ಹಿರಿಯರು ಮಾಂಸವನ್ನು ಕಾಪಾಡುತ್ತಿದ್ದದ್ದು ಹೀಗೆಯೇ. ಕೋಳಿ ತಿರುಗಾಡಿಕೊಂಡು ಇರುವಷ್ಟು ದಿನ ಮಾಂಸ ಕೆಡುವ ಪ್ರಶ್ನೆಯೇ ಇಲ್ಲ. ಐದನೇ ರಾತ್ರಿ ಕುಚ್ಚಲಕ್ಕಿ ಗಂಜಿ, ಒಣ ಸಿಗಡಿ ಚಟ್ನಿ, ಮೊಟ್ಟೆ. ಜೂನ್, ಜುಲೈನಲ್ಲಿ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವ ಹಾಗಿಲ್ಲ. ಆ ಎರಡು ತಿಂಗಳಿಗೆಂದು ಬೇಸಗೆಯಲ್ಲೇ ಒಣಗಿಸಿ ಇಡುವ ಸಾಮಾನು ಇದು. ಐದು ದಿನ ಅದಕ್ಕೆ ಯಾವ ಲೆಕ್ಕ? ಆದರೆ ಕ್ಯಾಂಪಿನಲ್ಲಿ ಹಸಿ ಮಾಂಸವನ್ನು ಬಿಸಿಲಿಗೆ ಹಾಕಿ ಒಣಗಿಸುತ್ತೇನೆ ಎಂದು ಹೊರಡಬೇಡಿ. ಈ ತೇವದ ಗಾಳಿಯಲ್ಲಿ ಒಣಗುವ ಮೊದಲೇ ಕೆಡುತ್ತದೆ. ಒಣಗಿಸಿದ್ದನ್ನೇ ಕೊಂಡು ಹೋಗಬೇಕು.

ಇದೇ ಒಂಬತ್ತು ಜನಕ್ಕೆ ಮುಂದಿನ ಸಲಕ್ಕೆ ನಾವು ಬರೆದಿಟ್ಟ ಯೋಜನೆ ಹೀಗಿದೆ. ಕುಡಿಯುವುದಕ್ಕೆ ಬೇರೆ ಪೆಟ್ಟಿಗೆ, ಅಗ್ಗದ್ದಾದರೂ ಸಾಕು. ಮಾಂಸದ ಪೆಟ್ಟಿಗೆಗೆ ತಣ್ಣಗಿಲ್ಲದ ಒಂದು ವಸ್ತುವೂ ಹೋಗಬಾರದು. ಕೋಳಿಯನ್ನು ಎರಡು ದಿನ ಮೊದಲೇ ತಂದು, ಒಂದು ಊಟಕ್ಕೆ ಬೇಕಾದಷ್ಟನ್ನೇ ಚಪ್ಪಟೆ ಕವರಿನಲ್ಲಿ ಹಾಕಿ ಕಲ್ಲಾಗುವವರೆಗೆ ಫ್ರೀಜರಿನಲ್ಲಿ ಇಡುವುದು. ಮೊದಲು ಬೇಕಾದದ್ದು ಮೇಲೆ, ಕೊನೆಯದ್ದು ತಳದಲ್ಲಿ. ಪುಡಿ ಐಸಿನ ಬದಲು ದೊಡ್ಡ ಗಡ್ಡೆ ಐಸ್, ಅದು ನಿಧಾನ ಕರಗುತ್ತದೆ. ಬಂದರಿನ ಐಸ್ ಕುಡಿಯುವ ನೀರಿನದ್ದಲ್ಲ, ಹಾಗಾಗಿ ಮಾಂಸದ ಕವರುಗಳ ಬಾಯಿ ಬಿಗಿ ಇರಬೇಕು. ಕರಗಿದ ನೀರಿನಲ್ಲಿ ಐಸ್ ತೇಲುತ್ತಿರುವವರೆಗೆ ಅದನ್ನು ಚೆಲ್ಲಬಾರದು, ಅದೂ ಸೊನ್ನೆಯ ಹತ್ತಿರವೇ ಇರುತ್ತದೆ.

ಎಲ್ಲಕ್ಕಿಂತ ಮುಖ್ಯ ಹೊದಿಕೆ. ತೋಟದ ಕೊಟ್ಟಿಗೆಯಲ್ಲಿ ಬೈಹುಲ್ಲು ರಾಶಿ ಇತ್ತು! ಪೆಟ್ಟಿಗೆಯ ಕೆಳಗೆ, ಸುತ್ತ, ಮೇಲೆ ಒಂದು ಗೇಣು ಒಣ ಬೈಹುಲ್ಲು ತುರುಕಿದರೆ ಗೋಡೆಯ ಖರ್ಚು ಅರ್ಧಕ್ಕಿಂತ ಕಡಿಮೆ ಆಗುತ್ತದೆ. ಉಮಿ ಇದ್ದರೆ ಅದೂ ಆಗಬಹುದು. ಒಣಗಿರಬೇಕು, ಇಬ್ಬನಿ ಬೀಳದ ಹಾಗೆ ಮೇಲೆ ಟಾರ್ಪಾಲ್ ಇರಬೇಕು. ಹಾಗೆ ಮಾಡಿದರೆ ದಿನಕ್ಕೆ ಮೂರು ಕೆಜಿ ಐಸ್. 10 ಕೆಜಿ ಐಸ್, 5 ಕೆಜಿ ಗಟ್ಟಿ ಮಾಂಸ ಎಂದರೆ ಲೆಕ್ಕದಲ್ಲಿ ನಾಲ್ಕು ದಿನ ದಾಟುತ್ತದೆ. ನಾನು ಮೂರು ಎಂದೇ ಹಿಡಿದಿದ್ದೇನೆ. ಊಟದ ಪಟ್ಟಿ ಜಾರುವುದಕ್ಕೂ ಜಾಗ ಬೇಕಲ್ಲ. ಮೈಸೂರಿನ ರಕ್ಷಣಾ ಆಹಾರ ಸಂಶೋಧನಾ ಪ್ರಯೋಗಾಲಯ ಸೈನಿಕರಿಗಾಗಿ ರೂಪಿಸಿದಂಥ ರಿಟಾರ್ಟ್ ಪೊಟ್ಟಣದ (ಸೀಲ್ ಮಾಡಿ ಹೆಚ್ಚಿನ ಬಿಸಿಯಲ್ಲಿ ಬೇಯಿಸಿದ್ದು) ಊಟ ಈಗ ಅಂಗಡಿಯಲ್ಲೂ ಸಿಗುತ್ತದೆ. ಐಸ್ ಬೇಡ. ನಾಲ್ಕು ಪೊಟ್ಟಣ ಚೀಲದ ತಳದಲ್ಲಿ ಬಿದ್ದಿದ್ದರೆ ಮಾಂಸ ಬಿಸಾಡುವಾಗ ಕೈ ಹಿಂಜರಿಯುವುದಿಲ್ಲ.

ಒಂದು ವಿಷಯದಲ್ಲಿ ಮಾತ್ರ ಅಕ್ಕನಿಗೂ ನನಗೂ ಇನ್ನೂ ಒಪ್ಪಂದ ಆಗಿಲ್ಲ, ಅದು ಬಾಫತ್. ಎರಡನೇ ದಿನ ಮಧ್ಯಾಹ್ನ ಅದನ್ನು ಮುಗಿಸಿದ್ದರು. ಯಾರಿಗೂ ಏನೂ ಆಗಲಿಲ್ಲ. ಮುಂದಿನ ಸಲ ವಿನೆಗರ್ ಇನ್ನೂ ಜಾಸ್ತಿ ಹಾಕಿಸಿ ನಾಲ್ಕನೇ ದಿನಕ್ಕೆ ಇಡೋಣ ಎನ್ನುತ್ತಾಳೆ. ಬಾಯಿಯ ಮನೆಯಲ್ಲಿ ಹಬ್ಬದ ಅಡಿಗೆ ದಿನಗಟ್ಟಲೆ ಇರುತ್ತದೆ, ನಿಜ. ಅವರು ಹೊತ್ತು ತಪ್ಪದೆ ಬಿಸಿ ಮಾಡುತ್ತಾರೆ, ಅವರ ಮನೆಯಲ್ಲಿ ಫ್ರಿಜ್ ಕೂಡ ಇದೆ. ಆದರೆ ನಾಲಿಗೆಗೆ ಹುಳಿ ಅನಿಸಿದ ಮಾತ್ರಕ್ಕೆ ಮಾಂಸದ ತುಂಡಿನ ಒಳಗೆ ಬ್ಯಾಕ್ಟೀರಿಯಾ ತಡೆಯುವಷ್ಟು ಹುಳಿ ಇಳಿದಿದೆ ಎಂದು ಹೇಳಲಾಗದು. ಎರಡು ಕುದಿಯ ನಡುವಿನ ಹನ್ನೆರಡು ಗಂಟೆ ಆ ಪಾತ್ರೆ 30 ಡಿಗ್ರಿಯಲ್ಲಿ ಕೂತಿರುತ್ತದೆ. ಹಾಗಾಗಿ ನನ್ನ ಪಟ್ಟಿಯಲ್ಲಿ ಬಾಫತ್ ಮೊದಲ ರಾತ್ರಿಯ ಊಟ. ಬಿಸಿ ಮಾಡಿದರೆ ಸಾಕು, ತಡವಾಗಿ ಮುಟ್ಟಿದರೂ ಮಾಡಬಹುದಾದ ಊಟ. ಐಸಿನಲ್ಲಿ ಹೂತ ಬಂಗುಡೆಯನ್ನು ಮರುದಿನ ಬೆಳಿಗ್ಗೆಯೇ ಹುರಿಯುವುದು.